ಬಾಗಿಲಿಲ್ಲದ ಕಾರಿಗೆ ಬೋಣಿ

ನನ್ನ ಕಾರಿಗೆ ಬಾಗಿಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೋಡಿದವರೆಲ್ಲ ಮೊದಲು ಕೇಳುವುದು ಅದನ್ನೇ, ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬಾಗಿಲಿಲ್ಲ, ಮೇಲೆ ಮುಚ್ಚಿಗೆಯಿಲ್ಲ, ಡಿಕ್ಕಿಯಿಲ್ಲ, ಎಸಿಯಂತೂ ಇಲ್ಲವೇ ಇಲ್ಲ. ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ತೆಳ್ಳನೆಯ ಫೈಬರ್ ಮೈ, ಮುಂದೆ ಹಳೆಯ ವ್ಯಾನಿನ ಎಂಜಿನ್ನು, ನೆಲದಿಂದ ಒಂದು ಗೇಣು ಮೇಲೆ ಎರಡು ಸೀಟು. ಅಷ್ಟೇ ಕಾರು. ತೂಕ ಕಡಿಮೆಯಾದಷ್ಟೂ ಓಟ ಜಾಸ್ತಿ ಎನ್ನುವುದು ಇದರ ತತ್ವ. ಬಾಗಿಲು ಇಟ್ಟರೆ ತೂಕ ಬರುತ್ತದೆ. ಆದ್ದರಿಂದ ಪಕ್ಕದಿಂದ ಕಾಲು ದಾಟಿಸಿ, ಸೀಟಿನ ಮೇಲೆ ನಿಂತು, ಎರಡೂ ಮಂಡಿ ಮಡಿಸಿ ಒಳಕ್ಕೆ ಜಾರಬೇಕು. ನನ್ನ ಹೆಂಡತಿ ಇದನ್ನು ಮೊದಲ ದಿನದಿಂದಲೂ ತೊಟ್ಟಿ ಎಂದೇ ಕರೆಯುವುದು.

ಹಿಂದೆ ಕೆ.ಆರ್. ಪುರದ ಆಚೆ ಒಂದು ಶೆಡ್ಡಿನಲ್ಲಿ ಈ ಕಾರನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ತುಂಬಿ ಮಾರುತ್ತಿದ್ದರು. ಕೊಂಡವರು ಮನೆಗೆ ಒಯ್ದು ತಾವೇ ಜೋಡಿಸಿಕೊಳ್ಳಬೇಕು. ಆ ಶೆಡ್ಡು ಮುಚ್ಚಿದಾಗ ಉಳಿದ ಸಾಮಾನನ್ನೂ ಫೈಬರಿನ ಅಚ್ಚುಗಳನ್ನೂ ನಾನು ಮತ್ತು ನನ್ನ ಗೆಳೆಯ ಸೇರಿ ಕೊಂಡೆವು. ನಾನಾಗ ವಿಮಾನಪುರದಲ್ಲಿ ವಿಮಾನ ಕಾರ್ಖಾನೆಯ ಕೆಲಸದಿಂದ ನಿವೃತ್ತನಾಗಿ, ಹಲಸೂರಿನ ಮನೆಯಲ್ಲಿ ಎಲ್ಲರ ಮೇಲೂ ರೇಗಾಡುತ್ತ ಕೂತಿದ್ದೆ. ಗೆಳೆಯನಿಗೆ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ತಂದೆಯ ಕಾಲದ ಮಳಿಗೆಯಿತ್ತು. ನಾನು ಅವನನ್ನು ಭಾಯ್ ಎನ್ನುತ್ತೇನೆ, ಅವನು ನನ್ನನ್ನು ಗುರು ಎನ್ನುತ್ತಾನೆ. ಊರಿನಲ್ಲಿ ಈ ಕಾರು ಇಟ್ಟುಕೊಂಡಿರುವ ಅಷ್ಟೂ ಹುಚ್ಚರಿಗೆ ಈಗ ನಾವೇ ಗತಿ. ಭಾನುವಾರ ಓಡಿಸುತ್ತಾರೆ, ಸೋಮವಾರ ನಮ್ಮ ಹತ್ತಿರ ಬರುತ್ತಾರೆ.

ರಿಪೇರಿ ನನ್ನದು, ವ್ಯಾಪಾರ ಭಾಯ್‌ದು. ನನ್ನ ಬಾಯಿಗೆ ಸಿಕ್ಕ ಗಿರಾಕಿ ಮತ್ತೆ ಬರುವುದಿಲ್ಲ ಎಂದು ಭಾಯ್ ನನ್ನನ್ನು ಹಿಂದುಗಡೆಯೇ ಇಟ್ಟಿದ್ದಾನೆ. ಅದು ಸುಳ್ಳೇನಲ್ಲ. ಹೊಟ್ಟೆ ಬೆಳೆಸಿಕೊಂಡು ಬಂದು ಕಾರಿನ ತೂಕ ಇನ್ನೂ ಇಳಿಸಿಕೊಡಿ ಎಂದು ಕೇಳಿದ ಒಬ್ಬ ಮಹಾಶಯರಿಗೆ, ಮೊದಲು ನೀವು ಇಳಿಸಿಕೊಳ್ಳಿ ಎಂದಿದ್ದೆ. ಹೊಸ ಸಾಮಾನು ಏನು ಮಾಡಿದರೂ ಪಕ್ಕದ ಮಟನ್ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗುತ್ತೇನೆ, ಹೆಚ್ಚಾಗಿದ್ದರೆ ತೂತು ಕೊರೆದು ಮತ್ತೆ ತೂಗುತ್ತೇನೆ. ಅಂಗಡಿಯವರು ಪ್ರತಿ ಸಲವೂ ಮೂಳೆ ಸೇರಿಸಿಯೋ ಬಿಟ್ಟೋ ಎಂದು ಕೇಳುತ್ತಾರೆ. ಓಣಿಯಲ್ಲಿ ಕಾರು ಯಾರ ಗಾಡಿಗಾದರೂ ಅಡ್ಡವಾದರೆ ಯಾರೂ ಹಾರ್ನ್ ಹೊಡೆಯುವುದಿಲ್ಲ. ನಾಲ್ಕು ಜನ ಬಂದು ಹಿಂಭಾಗವನ್ನು ಎತ್ತಿ ಪಕ್ಕಕ್ಕಿಟ್ಟು ಹೋಗುತ್ತಾರೆ. ಅದನ್ನು ನೋಡಿದಾಗ ನನಗೆ ಹೆಮ್ಮೆಯೇ ಆಗುತ್ತದೆ.

ಇಷ್ಟೆಲ್ಲ ಇದ್ದರೂ ನನ್ನ ಕಾರು ಇಡಿಯಾಗಿ ಓಡಾಡಿದ್ದು ಅಪರೂಪ. ಅದಕ್ಕೆ ಕಾರಣ ಬೋಣಿ.

ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಆಗುವ ಮೊದಲ ವ್ಯಾಪಾರ ಬೋಣಿ. ಆ ದುಡ್ಡನ್ನು ಭಾಯ್ ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತಾನೆ. ಅವನ ತಂದೆ ಅದೇ ಜಾಗದಲ್ಲಿ ಕೂತು ಕಲಿಸಿಕೊಟ್ಟದ್ದು ಒಂದೇ ಪಾಠ: ಬೋಣಿ ಗಿರಾಕಿಗೆ ಇಲ್ಲ ಅನ್ನಬಾರದು, ಬರಿಗೈಯಲ್ಲಿ ಕಳಿಸಬಾರದು, ಕಳಿಸಿದರೆ ಅವತ್ತಿನ ವ್ಯಾಪಾರ ಕೆಟ್ಟಿತು. ಒಳ್ಳೆಯ ಪಾಠವೇ ಇರಬಹುದು, ಆದರೆ ಅವರು ಮಾರುತ್ತಿದ್ದುದು ಬೀಗ, ಚಿಲಕ. ನಾವು ಮಾರುವುದು ಇನ್ನೆಲ್ಲೂ ತಯಾರಾಗದ ಕಾರಿನ ಸಾಮಾನು. ಗಿರಾಕಿ ಕೇಳಿದ ಸಾಮಾನು ಗೂಡಿನಲ್ಲಿ ಇಲ್ಲದಿದ್ದರೆ ಇನ್ನೆಲ್ಲಿ ಇರುತ್ತದೆ? ನನ್ನ ಕಾರಿನಲ್ಲಿ ಇರುತ್ತದೆ. ನನ್ನ ಕಾರು ಎಲ್ಲಿರುತ್ತದೆ? ನಮ್ಮ ಮನೆಯ ಗಲ್ಲಿಯಲ್ಲಿ ಸ್ಕೂಟರೇ ಉಸಿರು ಬಿಗಿಹಿಡಿದು ಹೋಗಬೇಕು, ಹಾಗಾಗಿ ಮಳಿಗೆಯ ಒಳಗೇ ಇರುತ್ತದೆ. ಮೊದಲ ಸಲ ಭಾಯ್ ನನ್ನ ಕಾರಿನ ಹೆಡ್‌ಲೈಟು ಬಿಚ್ಚಿ ಕೊಟ್ಟಾಗ ನಾನು ಓಣಿಗೆಲ್ಲ ಕೇಳುವ ಹಾಗೆ ಬಾಯಿ ಬಡಿದುಕೊಂಡೆ.

"ಗುರು, ಶಟರ್ ಒಳಗಿರೋದೆಲ್ಲ ಮಾಲು," ಎಂದ ಭಾಯ್, ತಣ್ಣಗೆ. "ನಿಂದು ನಂದು ಅಂತ ಇಲ್ಲ."

ನಾನು ಹಟಕ್ಕೆ ಬಿದ್ದು ಒಂದು ಬೆಳಿಗ್ಗೆ ಮೊದಲ ಗಿರಾಕಿಗೆ ನಾನೇ ಇಲ್ಲ ಎಂದು ಕಳಿಸಿದೆ. ಅವತ್ತು ಸಂಜೆಯವರೆಗೆ ಒಂದು ನಟ್ಟೂ ಮಾರಾಟವಾಗಲಿಲ್ಲ. ಮಧ್ಯಾಹ್ನ ಕಂಪ್ರೆಸರ್ ಕೆಟ್ಟಿತು. ಊಟದ ಡಬ್ಬಿ ಜಾರಿ ಸಾರೆಲ್ಲ ಟೂಲ್‌ಬಾಕ್ಸಿಗೆ ಹೋಯಿತು. ಭಾಯ್ ನನ್ನನ್ನೇ ನೋಡುತ್ತ ಕೂತಿದ್ದ. ಇಂಥದ್ದನ್ನೆಲ್ಲ ನಾನು ನಂಬುವವನಲ್ಲ, ಆದರೂ ಅವತ್ತಿನಿಂದ ಬಾಯಿ ಮುಚ್ಚಿಕೊಂಡೆ.

ಈ ಗುಟ್ಟನ್ನು ಕಂಡುಹಿಡಿದವರು ಇಂದಿರಾನಗರದ ಒಬ್ಬ ಸಾಹೇಬರು. ದೊಮ್ಮಲೂರಿನಲ್ಲಿ ದೊಡ್ಡ ಆಫೀಸು, ಬೆಳಿಗ್ಗೆ ಚಡ್ಡಿ ಹಾಕಿಕೊಂಡು ಓಡುವ ಅಭ್ಯಾಸ, ಮಾತು ಮಾತ್ರ ಬೆಣ್ಣೆ. ಮಧ್ಯಾಹ್ನ ಬಂದರೆ ಇಲ್ಲ ಎನ್ನುವ ಸಾಮಾನು ಬೆಳಿಗ್ಗೆ ಮೊದಲು ಬಂದರೆ ಸಿಗುತ್ತದೆ ಎಂದು ಅವರಿಗೆ ಹೊಳೆಯಿತು. ಹೊಳೆದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಬಾರದೆ? ಈ ಕಾರಿನವರ ವಾಟ್ಸಾಪ್ ಗುಂಪಿಗೆ ಹಾಕಿದರು. ಆಮೇಲೆ ಕೇಳಬೇಕೆ, ಶಟರ್ ಎತ್ತುವ ಮುಂಚೆಯೇ ಹಾಲಿನ ಬೂತಿನ ಮುಂದೆ ನಿಂತ ಹಾಗೆ ಜನ ನಿಂತಿರುತ್ತಿದ್ದರು. ನಾನು ವಾರವಿಡೀ ಕೂತು ಜೋಡಿಸಿದ್ದನ್ನು ಭಾಯ್ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಬಿಚ್ಚಿ ಕೊಟ್ಟುಬಿಡುತ್ತಿದ್ದ. ಹೋಗಲಿ ಬಿಡು, ಇನ್ನೊಂದು ಮಾಡಿದರಾಯಿತು ಎಂದುಕೊಂಡು ಎಷ್ಟೋ ವರ್ಷ ಕಳೆದೆ. ನನಗೆ ಅವಸರವೇನೂ ಇರಲಿಲ್ಲ.

ಅವಸರ ಬಂದದ್ದು ಹೆಂಡತಿಯ ಮಂಡಿಯಿಂದ.

ಶಾಲೆಯಲ್ಲಿ ಜೀವನವಿಡೀ ನಿಂತು ಪಾಠ ಹೇಳಿದವಳು. ಮಂಡಿ ಸವೆದಿದೆ, ಬದಲಾಯಿಸಬೇಕು ಎಂದರು ಡಾಕ್ಟರು. ಆಪರೇಷನ್ ಆದಮೇಲೆ ಚೆನ್ನಾಗಿ ನಡೆಯಬಹುದು, ಆದರೆ ನೆಲದ ಮೇಲೆ ಕೂರುವುದು, ಕಾಲನ್ನು ಪೂರ್ತಿ ಮಡಿಸುವುದು ಮರೆತುಬಿಡಿ ಎಂದರು. ಆಟೋದಲ್ಲಿ ವಾಪಸು ಬರುವಾಗ ಅವಳು ಕೇಳಿದಳು.

"ಹಾಗಾದ್ರೆ ನಿಮ್ಮ ತೊಟ್ಟೀಲಿ ಕೂರಕ್ಕಾಗಲ್ವಾ?"

ಆಗಲ್ಲ ಎಂದೆ.

"ಈಗ ನೋವಾದ್ರೂ ಮಡಿಸಕ್ಕಾಗತ್ತೆ. ಆಪರೇಷನ್‌ಗೆ ಮುಂಚೆ ಒಂದ್ಸಲ ಕರ್ಕೊಂಡ್ ಹೋಗಿ."

ಮದುವೆಯಾದಾಗಿನಿಂದ ಈ ಹೆಂಗಸು ನನ್ನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಒಂದು ಸೀರೆ ಕೇಳಿದವಳಲ್ಲ. ಈ ಕಾರಿನ ಬಗ್ಗೆ ಒಳ್ಳೆಯ ಮಾತಂತೂ ಆಡಿದವಳೇ ಅಲ್ಲ. ನನಗೆ ಖುಷಿಯಾಯಿತು. ಆ ಖುಷಿಗೆ ಆಟೋದವನ ಡ್ರೈವಿಂಗ್ ಸರಿಯಿಲ್ಲ ಎಂದು ಅವನಿಗೆ ಬೈದೆ.

ಆಪರೇಷನ್ನಿಗೆ ಮೂರು ವಾರವಿತ್ತು. ಮೊದಲನೆಯ ವಾರ ಜೋಡಿಸಿದೆ, ಬೋಣಿಗೆ ಮುಂದಿನ ಗಾಜು ಹೋಯಿತು. ಎರಡನೆಯ ವಾರ ಗಾಜು ಹಾಕಿದೆ, ಬೋಣಿಗೆ ಎಡಗಡೆಯ ಸೀಟೇ ಹೋಯಿತು, ಅಂದರೆ ಅವಳ ಸೀಟು. ಭಾಯ್‌ಗೂ ನಾಚಿಕೆಯಾಗಿತ್ತು, ಫೈಬರ್ ಅಚ್ಚು ಹಾಕಿ ಹೊಸ ಸೀಟನ್ನು ಅವನೇ ಮಾಡಿದ. ಗುರುವಾರ ಆಸ್ಪತ್ರೆಗೆ ಸೇರಬೇಕು. ಮಂಗಳವಾರ ಸಂಜೆ ಕಾರು ಪೂರ್ತಿ ಸಿದ್ಧವಾಯಿತು, ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಬುಧವಾರ ಬೆಳಿಗ್ಗೆ ಅವಳನ್ನು ಕರೆತರುವುದು ಎಂದು ಮಾತಾಯಿತು.

ಅಷ್ಟರಲ್ಲಿ ಭಾಯ್‌ಗೆ ಫೋನ್ ಬಂತು. ಇಂದಿರಾನಗರದ ಸಾಹೇಬರು. ಅವರ ಕಾರಿನ ಸ್ಟೀರಿಂಗ್ ರ್‍ಯಾಕ್ ಹೋಗಿದೆಯಂತೆ, ಭಾನುವಾರದ ಕಾರು ಓಟಕ್ಕೆ ಬೇಕಂತೆ, ನಾಳೆ ಶಟರ್ ಎತ್ತುವ ಹೊತ್ತಿಗೆ ಬಂದು ನಿಲ್ಲುತ್ತಾರಂತೆ. ರ್‍ಯಾಕ್ ಎಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಸಾಮಾನು. ಅದಿಲ್ಲದೆ ಕಾರು ಮುಂದಕ್ಕೆ ಹೋಗಬಹುದು, ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು. ನಮ್ಮಲ್ಲಿ ಉಳಿದದ್ದು ಒಂದೇ ಒಂದು, ಅದಿದ್ದದ್ದು ನನ್ನ ಕಾರಿನಲ್ಲಿ.

ಬರಬೇಡಿ ಅನ್ನು ಎಂದೆ. ಬರುವವರಿಗೆ ಬರಬೇಡಿ ಅಂದರೂ ಬೋಣಿ ಗಿರಾಕಿಗೆ ಇಲ್ಲ ಅಂದ ಹಾಗೇ ಎಂದ ಭಾಯ್. ಹಾಗಾದರೆ ನಾನೇ ಬೋಣಿ ಮಾಡುತ್ತೇನೆ, ಒಂದು ಬೋಲ್ಟ್ ಕೊಡು ಎಂದೆ. ಪಾಲುದಾರನ ಬೋಣಿ ಲೆಕ್ಕಕ್ಕಿಲ್ಲ ಎಂದ. ಕಾರನ್ನು ಈಗಲೇ ಹೊರಗೆ ನಿಲ್ಲಿಸುತ್ತೇನೆ ಎಂದರೆ, ಈ ಓಣಿಯಲ್ಲಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಯಾರು ಎತ್ತಿ ಎಲ್ಲಿ ಇಟ್ಟಿರುತ್ತಾರೋ ಎಂದ. ಅದು ನಿಜವೇ. ಅವನ ಕಣ್ಣಲ್ಲಿ ನೀರಿತ್ತು, ಆದರೂ ತಂದೆಯ ಮಾತು ಮೀರಲಾರ. ನಾನು ಸ್ಪ್ಯಾನರ್ ಬಿಸಾಡಿ, ನಿನ್ನ ಬೋಣಿಗೆ ಬೆಂಕಿ ಹಾಕ ಎಂದು ಮನೆಗೆ ಬಂದೆ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತ ಕೇಳಿಸಿಕೊಂಡಳು. ಶಟರ್ ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂದು ಮಾತ್ರ ವಿಚಾರಿಸಿದಳು. ಇವಳಿಗೇನೂ ಅನ್ನಿಸುತ್ತಲೇ ಇಲ್ಲವಲ್ಲ ಎಂದು ಅದಕ್ಕೂ ಸಿಟ್ಟು ಮಾಡಿಕೊಂಡು ಮಲಗಿದೆ.

ಬೆಳಿಗ್ಗೆ ಎದ್ದರೆ ಅವಳಿಲ್ಲ. ಹೂವಿಗೆ ಹೋಗಿರಬೇಕು ಎಂದುಕೊಂಡೆ. ಸಾಹೇಬರ ಕಾಲು ಹಿಡಿದಾದರೂ ರ್‍ಯಾಕ್ ಉಳಿಸಿಕೊಳ್ಳೋಣ ಎಂದು ಹಲ್ಲುಜ್ಜಿದವನೇ ಶಿವಾಜಿನಗರಕ್ಕೆ ಓಡಿದೆ. ಸಾಹೇಬರು ಆಗಲೇ ಬಂದಿದ್ದರು, ಅದೇ ಚಡ್ಡಿ. ಆದರೆ ಅವರು ಎರಡನೆಯವರಾಗಿದ್ದರು. ಶಟರಿನ ಮುಂದೆ ಮಟನ್ ಅಂಗಡಿಯ ಸ್ಟೂಲಿನ ಮೇಲೆ ಯಾರೋ ಹೆಂಗಸು ಚೂಡಿದಾರ್ ಹಾಕಿಕೊಂಡು, ಕಾಲು ನೀಡಿ ಕೂತಿದ್ದಳು. ಹತ್ತಿರ ಹೋದ ಮೇಲೆ ನನ್ನ ಹೆಂಡತಿ ಎಂದು ಗೊತ್ತಾಯಿತು. ಅವಳನ್ನು ಸೀರೆ ಬಿಟ್ಟು ಬೇರೆ ಬಟ್ಟೆಯಲ್ಲಿ ನಾನು ಅವತ್ತಿನವರೆಗೆ ಕಂಡಿರಲಿಲ್ಲ.

ಭಾಯ್ ಬಂದ. ಮೂವರನ್ನೂ ನೋಡಿ ಗಾಬರಿಯಾದ. ಬಿಸ್ಮಿಲ್ಲಾ ಎಂದು ಶಟರ್ ಎತ್ತಿದ. ನಾನು ಒಳಗೆ ಹೋಗಿ, ಕಡೆಯ ಸಲ ನೋಡಿಬಿಡೋಣ ಎಂದು ಕಾರಿನ ಪಕ್ಕ ನಿಂತೆ. ಹೆಂಡತಿ ಗೋಡೆ ಹಿಡಿದುಕೊಂಡು ಎದ್ದಳು. ಪರ್ಸಿನಿಂದ ಹತ್ತು ರೂಪಾಯಿಯ ನೋಟು ತೆಗೆದು ಭಾಯ್ ಮುಂದೆ ಹಿಡಿದಳು.

"ಭಾಯ್, ಬೋಣಿ ನಂದು."

"ಏನು ಕೊಡ್ಲಿ ಅಕ್ಕಾ?"

"ಶಟರ್ ಒಳಗಿರೋದೆಲ್ಲ ಮಾಲು ತಾನೇ? ಆ ಕಾರು ಕೊಡಿ. ಬಿಚ್ಬೇಡಿ, ಇಡಿಯಾಗೇ ಬೇಕು."

ಭಾಯ್ ನನ್ನನ್ನು ನೋಡಿದ, ಸಾಹೇಬರನ್ನು ನೋಡಿದ, ಮೇಲೆ ಗೋಡೆಯಲ್ಲಿದ್ದ ತಂದೆಯ ಫೋಟೋ ನೋಡಿದ. ಅವಳು ನನ್ನ ಕಡೆ ಕೈ ತೋರಿಸಿದಳು.

"ಅವ್ರೂ ಶಟರ್ ಒಳಗೇ ಇದ್ದಾರಲ್ಲ. ಡ್ರೈವರನ್ನೂ ಸೇರಿಸಿ ಕೊಡಿ."

ಭಾಯ್ ನೋಟನ್ನು ತೆಗೆದುಕೊಂಡು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿದ. ಹಾಗೆ ಒತ್ತಿಕೊಂಡೇ ಬಹಳ ಹೊತ್ತು ನಿಂತಿದ್ದ. ಅಳುತ್ತಿದ್ದಾನೋ ನಗುತ್ತಿದ್ದಾನೋ ಎಂದು ತಿಳಿಯಲಿಲ್ಲ. ಬೋಣಿ ಆಗಿಹೋದದ್ದರಿಂದ ಸಾಹೇಬರಿಗೆ ಇಲ್ಲ ಎನ್ನಬಹುದಾಗಿತ್ತು. ಆ ಮಾತನ್ನು ನಾನೇ ಹೇಳುತ್ತೇನೆ ಎಂದು ಭಾಯ್‌ನನ್ನು ಪಕ್ಕಕ್ಕೆ ಸರಿಸಿ, ಬಾಯಿ ಚಪ್ಪರಿಸಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ವಿಷಯ ತಿಳಿದ ಮೇಲೆ ಸ್ಟೂಲನ್ನು ಅವರೇ ತಂದು ಕಾರಿನ ಪಕ್ಕ ಇಟ್ಟರು.

ಅವಳನ್ನು ಹತ್ತಿಸುವುದು ಒಂದು ದೊಡ್ಡ ಕಾರ್ಯಕ್ರಮವೇ ಆಯಿತು. ಸ್ಟೂಲನ್ನು ಸಾಹೇಬರು ಹಿಡಿದರು, ಅವಳ ಕೈಯನ್ನು ನಾನು ಹಿಡಿದೆ. ಮಟನ್ ಅಂಗಡಿಯವರು ಎಲ್ಲರಿಗೂ ಸಲಹೆ ಕೊಟ್ಟರು. ಕಾಲು ಮಡಿಸುವಾಗ ಅವಳು ಮುಖ ಕಿವುಚಿದಳು, ಬಿಡು ಬೇಡ ಎಂದೆ, ಸುಮ್ಮನಿರಿ ಎಂದಳು. ಕಡೆಗೆ ಒಳಕ್ಕೆ ಜಾರಿ ಕೂತು, ಬೆಲ್ಟ್ ಹಾಕಿಕೊಂಡು, ಹೊರಡಿ ಎಂದಳು.

ಬಾಣದ ಹಾಗೆ ಓಡುವ ಕಾರು ಹಲಸೂರು ಕೆರೆ ದಾಟುವವರೆಗೆ ಎರಡನೇ ಗೇರಿಗೆ ಬರಲಿಲ್ಲ. ಅಂಥ ಟ್ರಾಫಿಕ್ಕು. ಒಂದು ಪಕ್ಕ ನೀರಿನ ಟ್ಯಾಂಕರಿನ ಚಕ್ರ ನಮ್ಮ ತಲೆಯ ಸಮಕ್ಕೇ ತಿರುಗುತ್ತಿತ್ತು. ಇನ್ನೊಂದು ಪಕ್ಕ ಬಸ್ಸಿನ ಕಿಟಕಿಗಳಿಂದ ಹೆಂಗಸರೆಲ್ಲ ಬಗ್ಗಿ ನೋಡುತ್ತಿದ್ದರು. ನಾನು ಟ್ಯಾಂಕರಿನವನಿಗೆ ಬೈಯುತ್ತಿದ್ದೆ, ಅವಳು ಬಸ್ಸಿನವರಿಗೆ ಕೈ ಬೀಸುತ್ತಿದ್ದಳು. ಇಂದಿರಾನಗರದಲ್ಲಿ ಅವಳ ಶಾಲೆಯ ಮುಂದೆ ನಿಧಾನ ಮಾಡಿ ಎಂದಳು. ಅದಕ್ಕಿಂತ ನಿಧಾನ ಹೋಗಲು ಆ ಕಾರಿಗೆ ಬರುವುದಿಲ್ಲ, ನಿಲ್ಲಿಸಿಯೇಬಿಟ್ಟೆ. ಗೇಟಿನ ವಾಚ್‌ಮನ್ ಎದ್ದು ಬಂದು, ಮೊದಲು ಕಾರನ್ನೂ ಆಮೇಲೆ ಅವಳನ್ನೂ ನೋಡಿ, ಮೇಡಂ ನೀವಾ ಎಂದ. ಹೂಂ, ನನ್ನ ಕಾರು ಎಂದಳು. ಫ್ಲೈಓವರಿನ ಮೇಲೆ ರಸ್ತೆ ಖಾಲಿ ಸಿಕ್ಕಿತು. ಮೂರನೇ ಗೇರ್, ನಾಲ್ಕನೇ ಗೇರ್ ಹಾಕಿದೆ. ಅವಳು ನನ್ನ ತೋಳು ಗಟ್ಟಿಯಾಗಿ ಹಿಡಿದು ಏನೋ ಕೂಗಿದಳು, ಗಾಳಿಗೆ ಕೇಳಿಸಲಿಲ್ಲ. ಹೆದರಿದಳೇನೋ ಎಂದು ತಿರುಗಿ ನೋಡಿದರೆ ನಗುತ್ತಿದ್ದಳು.

ಓಣಿಗೆ ವಾಪಸು ಬಂದಾಗ ಎಲ್ಲರೂ ಕಾಯುತ್ತಿದ್ದರು, ಸಾಹೇಬರು ಆಫೀಸಿಗೂ ಹೋಗಿರಲಿಲ್ಲ. ಎಂಜಿನ್ ಆರಿಸಿ ನಾನು ಇಳಿದೆ. ಅವಳು ಏಳಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಮಂಡಿ ಹಿಡಿದುಕೊಂಡುಬಿಟ್ಟಿತ್ತು. ನಾನು ಒಂದು ಕಡೆಯಿಂದ, ಭಾಯ್ ಇನ್ನೊಂದು ಕಡೆಯಿಂದ ಎಳೆದರೆ ನೋವಿಗೆ ಕಣ್ಣಲ್ಲಿ ನೀರು ಬಂತು. ನನ್ನ ಜೀವವೇ ಹೋದಂತಾಯಿತು. ಮಟನ್ ಅಂಗಡಿಯವರು, ನಾಲ್ಕು ಜನ ಸೇರಿ ಕಾರು ಸಮೇತ ಎತ್ತಿ ಆಸ್ಪತ್ರೆಗೇ ಬಿಟ್ಟು ಬರೋಣ ಎಂದರು. ತಮಾಷೆಗಲ್ಲ, ನಿಜವಾಗಿಯೇ ಎತ್ತಲು ಬಗ್ಗಿದರು. ನಾನು ಎಲ್ಲರ ಮೇಲೂ ಕೂಗಾಡತೊಡಗಿದೆ, ಬಾಗಿಲು ಇಡದವನಿಗೆ, ಅಂದರೆ ನನಗೇ, ಎಲ್ಲರಿಗಿಂತ ಹೆಚ್ಚು ಬೈದುಕೊಂಡೆ.

ಅವಳು ಸೆರಗಿಲ್ಲದ್ದರಿಂದ ದುಪ್ಪಟ್ಟಾದಿಂದ ಕಣ್ಣೊರೆಸಿಕೊಂಡಳು. ಕೂದಲು ಸರಿಮಾಡಿಕೊಂಡಳು. ಬಿಚ್ಚಿದ್ದ ಬೆಲ್ಟನ್ನು ಮತ್ತೆ ಹಾಕಿಕೊಂಡಳು.

"ಹೆಂಗಿದ್ರೂ ಇಳಿಯಕ್ಕಾಗ್ತಿಲ್ವಲ್ಲ ರೀ," ಎಂದಳು. "ಇನ್ನೊಂದ್ ಸುತ್ತು ಹೋಗಿಬರೋಣ ಬನ್ನಿ."

ಭಾಯ್ ಸ್ಟೂಲು ಎತ್ತಿಕೊಂಡ. ನಾನು ಕಾಲು ದಾಟಿಸಿ, ಮಂಡಿ ಮಡಿಸಿ, ಅವಳ ಪಕ್ಕ ಜಾರಿ ಕೂತು ಎಂಜಿನ್ ಸ್ಟಾರ್ಟ್ ಮಾಡಿದೆ.