ಒಂದೇ ದಿನದ ಕಣ

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ರಾಗಿ ಉಣ್ಣಬೇಕಾದರೆ ಮೊದಲು ನೆಲ ಮಾಡಿಕೊಳ್ಳಬೇಕಿತ್ತು. ಆ ನೆಲಕ್ಕೆ ಕಣ ಅನ್ನುತ್ತಾರೆ. ನೀವು ಕಣ ನೋಡಿಲ್ಲ, ಮಕ್ಕಳಾ. ನೀವು ನೋಡಿರುವುದು ಅರಕಲಗೂಡಿನ ರಸ್ತೆ ಮೇಲೆ ತೆನೆ ಹರಡಿ, ಬಸ್ಸು ಲಾರಿ ಕೈಲಿ ತುಳಿಸುವ ಸೋಮಾರಿಗಳನ್ನು. ಆ ಚಕ್ರ ಏನೇನು ತುಳಿದು ಬಂದಿರುತ್ತದೋ ದೇವರಿಗೇ ಗೊತ್ತು. ಅದನ್ನೇ ಬೀಸಿಸಿ ಉಂಡು ತೇಗುತ್ತಾರೆ. ಥೂ!

ಕಣ ಅಂದರೆ ಹೊಲದ ಮೂಲೆಯಲ್ಲಿ ದುಂಡಗೆ ಕೆತ್ತಿ, ಬೇರು ಕಿತ್ತು, ಮಟ್ಟ ಮಾಡಿ, ನೀರು ಹಾಕಿ ಬಡಿದು, ಸಗಣಿ ಬಳಿದ ಅಂಗಳ. ಅದರ ಮೇಲೆ ರಾಗಿ ತೆನೆ ಹರಡಿ ಎತ್ತಿನ ಕೈಲಿ ಗುಂಡು ಎಳೆಸುತ್ತಿದ್ದರು. ಗುಂಡು ಅಂದರೆ ಉದ್ದನೆಯ ಕಲ್ಲಿನ ಉರುಳೆ. ಅದು ಉರುಳಿದಂತೆಲ್ಲ ತೆನೆಯಿಂದ ಕಾಳು ಉದುರುತ್ತದೆ. ನೆಲ ಗಟ್ಟಿಯಾಗಿದ್ದರೆ ಕಾಳಷ್ಟೇ ಕೈಗೆ ಬರುತ್ತದೆ. ನೆಲ ಸಡಿಲವಾಗಿದ್ದರೆ ಕಾಳಿನ ಜೊತೆ ಕಲ್ಲೂ ಬರುತ್ತದೆ, ಅದನ್ನು ವರ್ಷವೆಲ್ಲ ತಿನ್ನಬೇಕಾಗುತ್ತದೆ.

ಆ ವರ್ಷವೇ ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾಗಿತ್ತು. ದೊಡ್ಡಪ್ಪ ಅಂದರೆ ಅಪ್ಪನ ಒಬ್ಬನೇ ಅಣ್ಣ. ತಾತನ ಕಾಲದಿಂದ ಬಡಿದು ಬಡಿದು ಬಂಡೆಯಂತಾಗಿದ್ದ ಕಣ ಅವನ ಪಾಲಿಗೆ ಹೋಯಿತು. ಗುಂಡೂ ಅವನದೇ ಆಯಿತು. ನಮ್ಮ ಪಾಲಿಗೆ ಬಂದದ್ದು ಹಳ್ಳದ ಪಕ್ಕದ ಹೊಲ, ಅದರ ಮೂಲೆ ತುಂಬ ಲಂಟಾನದ ಮೆಳೆ. ಅಪ್ಪನಿಗೆ ಅಣ್ಣ ಹೇಗೆ ಹಂಚಿದರೂ ನ್ಯಾಯವೇ. ಅಣ್ಣನ ಮುಂದೆ ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು "ಆಯ್ತಣ್ಣ" ಅನ್ನುವುದೊಂದು ಬಿಟ್ಟು ಬೇರೆ ಮಾತು ಆಡಿದ್ದನ್ನು ನಾನು ಕಾಣೆ. ಅಷ್ಟು ಚಿಕ್ಕವನಿದ್ದರೂ ನನಗೆ ಮೈ ಉರಿಯುತ್ತಿತ್ತು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡಿಸಿಕೊಳ್ಳುವ ಹಾಗೆ ಬದುಕು ಅಂತ ನಾನೇನು ಹೇಳಿದ್ದೆನೇ?

ಆ ಕಣದ ಮೇಲೆ ಮನೆಯವರೆಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡಿದ್ದವಳು ನನ್ನ ಅಕ್ಕ. ಅವಳು ಆಗ ಏಳನೇ ಕ್ಲಾಸು. ನಮ್ಮೂರಿನ ಸ್ಕೂಲು ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಹೊಳೆನರಸೀಪುರದಲ್ಲಿದ್ದ ನಮ್ಮ ಸೋದರತ್ತೆಯ ಮನೆಯಲ್ಲಿ ಇರಬೇಕಿತ್ತು. ಅತ್ತೆ ಒಪ್ಪಿದ್ದರು. ಆದರೆ ಹುಡುಗಿಯ ಊಟಕ್ಕೆ ವರ್ಷದ ರಾಗಿ ನಾವೇ ಕಳಿಸಬೇಕು, ಅದರಲ್ಲಿ ಒಂದು ಕಲ್ಲೂ ಇರಕೂಡದು ಅಂತ ಹೇಳಿ ಕಳಿಸಿದ್ದರು. ಮಾವನಿಗೆ ರಾತ್ರಿ ಊಟಕ್ಕೆ ರೊಟ್ಟಿಯೇ ಆಗಬೇಕು, ಹಲ್ಲಿಗೆ ಕಲ್ಲು ಸಿಕ್ಕಿದರೆ ತಟ್ಟೆ ಎಸೆಯುತ್ತಾರೆ ಅನ್ನುವುದು ನೆಂಟರಿಗೆಲ್ಲ ಗೊತ್ತಿದ್ದ ವಿಷಯ. ಆ ರಾಗಿ ಚೀಲದ ಮೇಲೆ ಅಕ್ಕನ ಹೈಸ್ಕೂಲು ನಿಂತಿತ್ತು. ಅದಕ್ಕೇ ಅವಳು ಕಣ, ಕಣ ಅಂತ ಜಪ ಮಾಡುತ್ತಿದ್ದಳು.

ದೊಡ್ಡಪ್ಪ ಗುಂಡು ಕೊಡುತ್ತೇನೆ ಅಂದ, ಎರಡೇ ದಿನ. "ಒಂದಿನ ಕಣ ಮಾಡ್ಕೊ, ಒಂದಿನ ಒಕ್ಕಣೆ ಮುಗಿಸ್ಕೊ. ಮೂರ್ನೇ ದಿನ ಗುಂಡು ನನ್ನ ಮನೆ ಮುಂದೆ ಇರ್ಬೇಕು ಕಣ್ಲಾ." ಹೊಸ ಕಣ ಒಂದು ದಿನದಲ್ಲಿ ಆಗುವುದು ಎಲ್ಲಾದರೂ ಉಂಟೇ? ಬಡಿದು, ಒಣಗಿಸಿ, ಬಿರುಕು ಬಿಟ್ಟ ಕಡೆ ಮತ್ತೆ ನೆನೆಸಿ, ಮತ್ತೆ ಬಡಿಯಬೇಕು. ಇದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅಪ್ಪ "ಆಯ್ತಣ್ಣ" ಅಂದರು.

ಚಳಿಗಾಲದ ಬೆಳಗು. ಬಾಯಿ ಬಿಟ್ಟರೆ ಹೊಗೆ ಬರುತ್ತಿತ್ತು. ಅವರೆ ಸಾಲಿನಿಂದ ಸೊಗಡಿನ ವಾಸನೆ, ಹಿಂದಿನ ವಾರ ಕಡಿದು ಸುಟ್ಟ ಲಂಟಾನದಿಂದ ಬೂದಿಯ ವಾಸನೆ. ಅಪ್ಪ ಗುದ್ದಲಿ ಹಿಡಿದು ಬೊಡ್ಡೆ ಕೀಳುತ್ತಿದ್ದರು. ಲಂಟಾನದ ಬೇರು ಸುಮ್ಮನೆ ಬರುವುದಲ್ಲ, ಜಗಳಕ್ಕೆ ನಿಂತ ಹಾಗೆ ನೆಲ ಕಚ್ಚಿಕೊಂಡಿರುತ್ತದೆ. ಅಕ್ಕ ಒಂದೊಂದೇ ಬೇರು, ಒಂದೊಂದೇ ಕಲ್ಲು ಆಯ್ದು ಮಂಕರಿಗೆ ಹಾಕುತ್ತಿದ್ದಳು. ಮಂಕರಿ ತುಂಬಿದರೆ ಹಳ್ಳಕ್ಕೆ ಸುರಿದು ಬರುವುದು ನನ್ನ ಕೆಲಸ. ಬೆರಳು ಮರಗಟ್ಟಿ ಹೋಗಿತ್ತು. ಅಕ್ಕ ಮಾತ್ರ ಬಗ್ಗಿದ ಸೊಂಟ ಎತ್ತಲಿಲ್ಲ.

ಬಿಸಿಲು ಏರಿದ ಮೇಲೆ ದೊಡ್ಡಪ್ಪ ಬಂದ. ಹೊಸ ಪಂಚೆ, ಕೈಯಲ್ಲಿ ನಶ್ಯದ ಡಬ್ಬಿ. ಬದುವಿನ ಮೇಲೆ ಕೂತು ಯಜಮಾನಿಕೆ ಶುರು ಮಾಡಿದ. ಒಂದು ಹಿಡಿ ಮಣ್ಣು ಮುಟ್ಟಲಿಲ್ಲ. ಬೇರಿನ ಬುಡ ಇನ್ನೂ ಕೆದಕುತ್ತಿದ್ದ ಅಪ್ಪನಿಗೆ, "ಅದ್ಯಾಕ್ಲಾ ಪಾತಾಳಕ್ಕೆ ಇಳೀತಿದ್ದೀಯ? ಮೇಲ್ಗಡೆ ಸವರಿ ಮುಚ್ಚಾಕು" ಅಂದ. ಅಪ್ಪ ಮುಚ್ಚಿದರು.

ಹಳ್ಳದ ಕಡೆಗೆ ನೆಲ ತಗ್ಗಾಗಿತ್ತು, ಅಲ್ಲಿಗೆ ಮಣ್ಣು ತುಂಬಬೇಕಿತ್ತು. ಕಣಕ್ಕೆ ಹುತ್ತದ ಮಣ್ಣೇ ಆಗಬೇಕು. ಗೆದ್ದಲು ಜರಡಿ ಹಿಡಿದ ಹಾಗೆ ನುಣ್ಣಗೆ ಮಾಡಿಟ್ಟಿರುತ್ತದೆ, ಒಣಗಿದರೆ ಕಲ್ಲಿನಷ್ಟು ಗಟ್ಟಿ. ಹಾಳು ಹುತ್ತ ಇದ್ದದ್ದು ಊರಾಚೆ, ಗಾಡಿಯಲ್ಲಿ ಹೋಗಿ ತರಬೇಕಿತ್ತು. ದೊಡ್ಡಪ್ಪ ಕೂತಲ್ಲಿಂದಲೇ ಹಳ್ಳದ ದಿಣ್ಣೆಯ ಕಡೆ ಬೆರಳು ತೋರಿಸಿದ. ಅಲ್ಲಿ ಇದ್ದದ್ದು ಗರಸು, ಅಂದರೆ ರಾಗಿ ಕಾಳಿನಷ್ಟು ಸಣ್ಣ ಸಣ್ಣ ಕಲ್ಲು ತುಂಬಿದ ಕೆಂಪು ಮಣ್ಣು.

ಅಕ್ಕ ಮಂಕರಿ ಕೆಳಗಿಟ್ಟಳು. "ಅಪ್ಪ, ಗರಸು ಬ್ಯಾಡ. ರಾಗಿಗೆ ಸೇರ್ಕೊಂಡ್ರೆ ತೂರುದ್ರೂ ಓಗಲ್ಲ."

"ನೋಡ್ಲಾ ನೋಡು!" ದೊಡ್ಡಪ್ಪ ನಕ್ಕ. "ಐಸ್ಕೂಲಿಗೆ ಓಗೋಕೆ ಮುಂಚೆನೇ ಮೇಷ್ಟ್ರಾಗ್ಬುಟ್ಲು ನಿನ್ನ ಮಗ್ಳು! ಮೇಲೆ ಸಗಣಿ ಬಳುದ್ಮೇಲೆ ಎಲ್ಲಾ ಒಂದೇ ಕಣವ್ವ. ಒಳ್ಗಡೆ ಏನೈತೆ ಅಂತ ಯಾರು ನೋಡ್ತಾರೆ?"

ಅಪ್ಪ ಅಕ್ಕನ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಆಮೇಲೆ ದಿಣ್ಣೆಯ ಕಡೆ ಹೋದರು. ಪ್ರಪಂಚದಲ್ಲಿ ಒಳ್ಳೆಯವರು ಅನ್ನಿಸಿಕೊಂಡವರು ಮಾಡಿದಷ್ಟು ಹಾಳು ಕೆಟ್ಟವರೂ ಮಾಡಿಲ್ಲ ಬಿಡಿ.

ಗರಸು ಬಿತ್ತು. ಅಕ್ಕ ಬಾವಿಯಿಂದ ನೀರು ಹೊತ್ತು ತಂದು ಚಿಮುಕಿಸಿದಳು. ಎತ್ತು ಕಟ್ಟಿ ಗುಂಡು ಎಳೆಸಿದರು. ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡಪ್ಪ "ಆಯ್ತು, ಕಟ್ಟು ಬಿಚ್ಚು" ಅಂದ. ಆಗ ಅಕ್ಕ ಕಣದ ಮಧ್ಯಕ್ಕೆ ಹೋಗಿ ಬರಿಗಾಲಿನ ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದಳು. ಹಿಮ್ಮಡಿ ಒಳಗೆ ಇಳಿಯಿತು. ಕೊಡದಲ್ಲಿ ಉಳಿದಿದ್ದ ನೀರನ್ನು ಅಲ್ಲೇ ಸುರಿದಳು. ಗಟ್ಟಿ ಕಣವಾದರೆ ನೀರು ಅಂಚಿಗೆ ಹರಿದು ಹೋಗಬೇಕು. ಇದು ಗುಳುಗುಳು ಅಂತ ಅಲ್ಲೇ ಇಂಗಿತು. ಅವಳು ಒಂದು ಕಾಲೆತ್ತಿ ಪಾದ ತೋರಿಸಿದಳು, ತುಂಬ ಗರಸು ಮೆತ್ತಿತ್ತು.

"ಇನ್ನೆರಡು ದಿನ ಬಡೀಬೇಕು, ದೊಡ್ಡಪ್ಪ. ಗುಂಡು ಇರ್ಲಿ."

"ಮಾತು ಅಂದ್ರೆ ಮಾತು. ನಾಳಿದ್ದು ಗುಂಡು ನನ್ನ ಮನೆ ಮುಂದೆ," ಅಂದು ಅವನು ಪಂಚೆ ಕೊಡವಿಕೊಂಡು ಹೊರಟ.

ಸಂಜೆಗೆ ಸಗಣಿ ಬಳಿದಾಗ ಕಣ ಎಷ್ಟು ಚೆಂದ ಕಂಡಿತು ಅಂತೀರಿ! ದಾರಿಯಲ್ಲಿ ಹೋಗುವವರೆಲ್ಲ ನಿಂತು, "ಬೋ ಪಸಂದಾಗೈತೆ" ಅಂದರು. ಅಪ್ಪನ ಮುಖ ಅರಳಿತು. ಅಕ್ಕ ಒಬ್ಬಳೇ ಬದುವಿನ ಮೇಲೆ ಕೂತು, ಕಡ್ಡಿಯಲ್ಲಿ ಕಾಲಿನ ಗರಸು ಕೆರೆದುಕೊಳ್ಳುತ್ತಿದ್ದಳು.

ಮಾರನೇ ದಿನ ತೆನೆ ಹರಡಿ ಗುಂಡು ಉರುಳಿಸಿದ್ದೇ ತಡ, ಒಣಗದ ಕಣ ಹಪ್ಪಳದಂತೆ ಸೀಳಿತು. ಎತ್ತಿನ ಗೊರಸು ಊರಿದ ಕಡೆಯೆಲ್ಲ ಗುಂಡಿ. ಗರಸು ಮೇಲೆದ್ದು ಕಾಳಿನ ಜೊತೆ ಕಲೆತುಹೋಯಿತು. ಮಧ್ಯಾಹ್ನ ಗಾಳಿಗೆ ತೂರಿದಾಗ ಹೊಟ್ಟು ಹಾರಿತು, ಧೂಳು ಹಾರಿತು. ಗರಸು ಮಾತ್ರ ರಾಗಿಯ ಪಕ್ಕದಲ್ಲೇ ನೆಂಟನ ಹಾಗೆ ಉದುರಿ ಕೂತಿತು. ಅಪ್ಪ ರಾಶಿಗೆ ಕೈಮುಗಿದು, ಒಂದು ಅನ್ನುವ ಬದಲು "ಲಾಭ" ಅಂತ ಹೇಳಿ ಅಳೆಯಲು ಶುರು ಮಾಡಿದರು. ಲಾಭವಂತೆ!

ಅಕ್ಕ ಒಂದು ಚಿಟಿಕೆ ರಾಗಿ ಬಾಯಿಗೆ ಹಾಕಿಕೊಂಡು ಅಗಿದಳು. ಕಟರ್ ಅಂತ ಸದ್ದು ನನಗೂ ಕೇಳಿಸಿತು. ರಾಶಿ ನೋಡಲು ಬಂದಿದ್ದ ದೊಡ್ಡಪ್ಪನಿಗೂ ಕೇಳಿಸಿತು. ಅವನು ಏನಂದ ಗೊತ್ತೇ? "ಇಟ್ಟು ಯಾರವ್ವ ಅಗೀತಾರೆ? ನುಂಗು!" ನಮ್ಮ ಕಡೆ ಮುದ್ದೆಗೆ ಹಿಟ್ಟು ಅನ್ನುತ್ತೇವೆ, ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ, ನಿಜ. ಆದರೆ ಹೊಳೆನರಸೀಪುರದಲ್ಲಿ ರೊಟ್ಟಿ ತಿನ್ನುವ ಮಾವ ಒಬ್ಬರು ಇದ್ದಾರೆ ಅನ್ನುವುದು ಅವನಿಗೂ ಗೊತ್ತಿತ್ತು.

ಗುಂಡನ್ನು ಹೇಳಿದ ದಿನವೇ ಅವನ ಮನೆ ಮುಂದೆ ಬಿಟ್ಟು ಬಂದೆವು. ಅದು ಅಲ್ಲೇ ಹುಣಸೆ ಮರದಡಿ ಬಿದ್ದಿತ್ತು. ವಾರವಾದರೂ ಯಾರೂ ಮುಟ್ಟಲಿಲ್ಲ. ಸ್ಕೂಲಿಗೆ ಹೋಗುವಾಗ ನಾನು ದಿನಾ ನೋಡುತ್ತಿದ್ದೆ, ಅದರ ಮೇಲೆ ಕೋಳಿ ಕೂತು ಹಿಕ್ಕೆ ಹಾಕುತ್ತಿತ್ತು. ನನ್ನ ಅಕ್ಕನ ಕಣಕ್ಕೆ ಸಿಗದ ಗುಂಡು ಕೋಳಿಗೆ ಸಿಕ್ಕಿತ್ತು.

ಬೇಸಿಗೆಯೆಲ್ಲ ಅಕ್ಕ ಬಾವಿಕಟ್ಟೆಯಲ್ಲಿ ಕೂತು ರಾಗಿ ಗಾಲಿಸಿದಳು. ನೀರಿನಲ್ಲಿ ಆಡಿಸಿ, ಕಾಳನ್ನು ಬಗ್ಗಿಸಿಕೊಂಡು, ತಳದಲ್ಲಿ ನಿಂತ ಕಲ್ಲು ಚೆಲ್ಲುವುದು. ಚೆಲ್ಲಿದಷ್ಟೂ ಉಳಿದಿರುತ್ತಿತ್ತು. ಮುಂಗಾರು ಹಿಡಿಯುವ ಹೊತ್ತಿಗೆ ಚೀಲ ಹೊಲಿದು, ಬಸ್ಸಿನ ಮೇಲೆ ಹಾಕಿ, ಅಕ್ಕನನ್ನು ಹೊಳೆನರಸೀಪುರಕ್ಕೆ ಕಳಿಸಿದೆವು. ನೀಲಿ ಲಂಗ, ಬಿಳಿ ರವಿಕೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸಿದಳು.

ಮೊದಲು ಚೀಲ ವಾಪಸ್ಸು ಬಂತು. ಮಾವನ ಹಲ್ಲು ಅಲ್ಲಾಡಿತಂತೆ, ಈ ರಾಗಿಯನ್ನು ಕೋಳಿಗೂ ಹಾಕುವ ಹಾಗಿಲ್ಲವಂತೆ, ಬೇರೆ ರಾಗಿ ಕಳಿಸಿದರೆ ಹುಡುಗಿ ಇರಲಿ ಅಂತ ಹೇಳಿ ಕಳಿಸಿದ್ದರು. ಬೇರೆ ರಾಗಿ ದೊಡ್ಡಪ್ಪನ ಮನೆಯಲ್ಲಿತ್ತು. ಅಪ್ಪ ಟವೆಲ್ಲು ಕೈಗೆ ತೆಗೆದುಕೊಂಡು ಹೋಗಿ, ಬರಿಗೈಯಲ್ಲಿ ಬಂದರು. ಅಣ್ಣ ಕೊಡಲಿಲ್ಲವೋ, ಇವರು ಬಾಯಿ ಬಿಟ್ಟು ಕೇಳಲೇ ಇಲ್ಲವೋ, ಮನೆಯಲ್ಲಿ ಹೇಳಲೂ ಇಲ್ಲ. ಆ ವಾರವೇ ಅಕ್ಕ ಬಸ್ಸಿಳಿದಳು. ನೀಲಿ ಲಂಗ ಮಡಚಿ ಪೆಟ್ಟಿಗೆಯಲ್ಲಿಟ್ಟು, ಸೌದೆ ಒಲೆ ಮುಂದೆ ಕೂತಳು. ಮತ್ತೆ ಅವಳ ಹೈಸ್ಕೂಲಿನ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ಆ ವರ್ಷವೆಲ್ಲ ನಾವು ದೊಡ್ಡಪ್ಪ ಹೇಳಿದಂತೆ ನುಂಗಿದೆವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹೋದ ವಾರ ನಿಮ್ಮ ದೊಡ್ಡಜ್ಜಿ ಮನೆಗೆ ಬಂದು ಗಲಾಟೆ ಮಾಡಿದಾಗ ನೀವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದಿರಲ್ಲ, ಅದಕ್ಕೆ. ಆ ದೊಡ್ಡಜ್ಜಿಯೇ ನನ್ನ ಅಕ್ಕ.

ಹಾಸನದ ಈ ಬಡಾವಣೆಯಲ್ಲಿ ನಿಮ್ಮಪ್ಪ ಮನೆ ಕಟ್ಟಿಸಿದ. ಮನೆ ಮುಂದೆ ಇದ್ದ ಇಟ್ಟಿಗೆ ಚೂರು, ಸಿಮೆಂಟು ಗಡ್ಡೆ, ಟೈಲ್ಸ್ ತುಂಡನ್ನೆಲ್ಲ ಕಾಂಟ್ರಾಕ್ಟರು ಒಂದೇ ಬೆಳಗ್ಗೆ ಜೆಸಿಬಿಯಲ್ಲಿ ಅಲ್ಲೇ ತಳ್ಳಿ, ಮೇಲೆ ಒಂದು ಲೋಡು ಕೆಂಪು ಮಣ್ಣು ಸುರಿದು, ಚಾಪೆ ಹಾಸಿದ ಹಾಗೆ ಹುಲ್ಲು ಹಾಸಿದ. ಬಂದವರೆಲ್ಲ ಫೋಟೋ ತೆಗೆದುಕೊಂಡರು. ತಿಂಗಳಲ್ಲಿ ಹುಲ್ಲು ಹಳದಿಯಾಯಿತು. ನೀವು ನೆಟ್ಟ ದಾಸವಾಳ ಒಣಗಿತು. ಮೊದಲ ಮಳೆಗೆ ನೀರು ಗೇಟಿನ ಕಡೆ ಹೋಗುವುದು ಬಿಟ್ಟು ಮನೆಯೊಳಗಿನ ಹಾಲಿಗೆ ಬಂತು. ನಿಮ್ಮಪ್ಪ, "ಓಗ್ಲಿ ಬುಡಿ, ಅಡ್ಜಸ್ಟ್ ಮಾಡ್ಕೊಳ್ಳೋಣ" ಅಂದ. ನನ್ನ ಅಪ್ಪನ ಮೊಮ್ಮಗ ಅಲ್ಲವೇ!

ಅಕ್ಕ ಬಂದವಳು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಹಿಮ್ಮಡಿ ಊರಿ ತಿರುಗಿದಳು. ಒಂದು ಬಕೆಟ್ ನೀರು ತರಿಸಿ ಸುರಿದಳು. ನೀರು ನೆಟ್ಟಗೆ ಹೊಸಿಲಿಗೆ ಹೋಗಿ ನಿಂತಿತು. ಕಾಂಟ್ರಾಕ್ಟರನ್ನು ಕರೆಸಿದಳು. ಅವನು ಹಲ್ಲು ಬಿಟ್ಟು, "ಇನ್ನೊಂದ್ ಲೋಡ್ ಮಣ್ಣು ಹೊಡ್ಸಿ ಮುಚ್ಚಾಕ್ಬುಡ್ತೀನಿ ಬುಡಮ್ಮ. ಒಳ್ಗಡೆ ಏನೈತೆ ಅಂತ ಯಾರು ನೋಡ್ತಾರೆ?" ಅಂದ.

ಅದೇ ಮಾತು! ಅಕ್ಕ ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. "ಇದೇ ಮಾತ ಕೇಳಿ ಒಂದ್ಸಲ ನುಂಗಿವ್ನಿ ಕಣಪ್ಪ. ಈ ಮಕ್ಳು ನುಂಗದ್ ಬ್ಯಾಡ. ತಗ್ಸು, ಎಲ್ಲಾನೂ ತಗ್ಸು. ತಗ್ಸೋಗಂಟ ನಾನು ಊರಿಗೆ ಓಗಕ್ಕಿಲ್ಲ." ಆಮೇಲೆ ನಿಮ್ಮಪ್ಪನ ಕಡೆ ತಿರುಗಿ, "ನೀನು ಬಾಯಿ ಮುಚ್ಕೊಂಡು ನಿಂತ್ಕೊಬ್ಯಾಡ" ಅಂದಳು. ನಿಮ್ಮಪ್ಪ ಆವತ್ತು ಮೊದಲ ಸಲ ಗಟ್ಟಿಯಾಗಿ ಮಾತಾಡಿದ.

ತೆಗೆಸಿದರು. ಏನೇನು ಬಂತು ನೀವೇ ನೋಡಿದಿರಿ, ಗಟ್ಟಿಯಾದ ಅರ್ಧ ಮೂಟೆ ಸಿಮೆಂಟು, ತಂತಿ, ಒಂಟಿ ಚಪ್ಪಲಿ. ನೀವೂ ಬರಿಗಾಲಲ್ಲಿ ಇಳಿದು ಅವಳ ಜೊತೆ ಚೂರು ಆಯ್ದಿರಿ. ಈಗ ಅಲ್ಲಿ ಒಳ್ಳೆ ಮಣ್ಣು, ಕೊಟ್ಟಿಗೆ ಗೊಬ್ಬರ ಬಿದ್ದಿದೆ.

ನಿಮ್ಮ ಕಾಲವೇ ಬೇರೆ. ರಾಗಿ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಸ್ಕೂಲು ಬಸ್ಸು ಗೇಟಿಗೇ ಬರುತ್ತದೆ. ಪುಟ್ಟಿ, ನೀನು ಈ ವರ್ಷ ಹೈಸ್ಕೂಲು, ಅದಕ್ಕಾಗಿ ಯಾರ ಮನೆಗೂ ಚೀಲ ಕಳಿಸಬೇಕಾಗಿಲ್ಲ. ಮೊನ್ನೆ ಬೆಳಗ್ಗೆ ನೀನು ಯೂನಿಫಾರ್ಮ್ ಹಾಕಿಕೊಂಡು ಆ ಹೊಸ ಮಣ್ಣಿನಲ್ಲಿ ಕಾಲಿಟ್ಟು ಶೂ ಕೊಳೆ ಮಾಡಿಕೊಂಡೆ. ದೊಡ್ಡಜ್ಜಿ ಬೈಯಲಿಲ್ಲ, ನೋಡಿದೆಯಾ? ನಿನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನಲ್ಲಿ ಎರಡೂ ಶೂ ಒರೆಸಿ, ನಿನ್ನ ನೀಲಿ ಲಂಗವನ್ನು ಒಂದು ಸಲ ಸವರಿದಳು. "ಓಗವ್ವ," ಅಂದಳು, "ಬಸ್ ಬಂತು."