ಅರಮನೆಗೆ ಹೋಗದ ರಾಜಕುಮಾರಿ

ಇವತ್ತು ಮಗಳ ಗೆಳತಿಯರು ನಮ್ಮ ಮನೆ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯಾಟ ಆಡುತ್ತಿದ್ದರು. ಒಬ್ಬಳು ಕಥೆ ಬಿಟ್ಟು ಬೇರೆ ದಾರಿ ಹಿಡಿದಳು. ಕಥೆ ನಡೆಸುತ್ತಿದ್ದ ಮಗಳು ಸಿಡುಕಿದಳು. ನನಗೆ ಹಲಸೂರಿನ ಚಿಕ್ಕಮ್ಮನ ವಠಾರ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಮ್ಮನನ್ನು ಊರಿನಿಂದ ಕರೆತಂದು ಶಿವಾಜಿನಗರದ ಆಸ್ಪತ್ರೆಗೆ ಸೇರಿಸಿದ್ದರು. ಅವತ್ತು ಆಪರೇಷನ್. "ಚಿಕ್ಕೋಳಿಗೆ ಅಮ್ಮನ ನೆನಪು ಬರದ ಹಾಗೆ ಆಡಿಸ್ತಿರು" ಎಂದು ನನಗೆ ಹೇಳಿ ಚಿಕ್ಕಮ್ಮ ದೇವರ ಮುಂದೆ ಕೂತಳು. ನಾನು ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾಡು, ನದಿ, ಅರಮನೆ ಬರೆದೆ. ತಂಗಿ ಲಲಿತ ರಾಜಕುಮಾರಿ, ಪಕ್ಕದ ಮನೆ ಶಬಾನಾ ಸೇನಾಪತಿ. ಕವಡೆ ಬಿದ್ದಷ್ಟು ಹೆಜ್ಜೆ. ಮುಂದೇನಾಯಿತೆಂದು ನಾನು ಹೇಳಬೇಕು.

"ನಾನು ಅರಮನೆಗೆ ಹೋಗಲ್ಲ. ಅಮ್ಮನ ಹತ್ರ ಹೋಗ್ತೀನಿ," ಎಂದಳು ಲಲಿತ.

"ನಡುವೆ ನದಿ ಇದೆ ಕಣೇ."

"ಈಜ್ತೀನಿ."

"ಮೊಸಳೆ ಇದೆ."

"ಶಬಾನಾ ಹೊಡೀತಾಳೆ, ಅಲ್ವೇನೇ?"

"ಹ್ಞೂಂ, ಒಂದೇ ಏಟು!" ಎಂದಳು ಶಬಾನಾ.

ಆಸ್ಪತ್ರೆ ಬಾಗಿಲು ಮುಚ್ಚಿದೆ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಮುಸ್ಸಂಜೆ ಆಗಿತ್ತು. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ತಿರುಗುತ್ತಿರುತ್ತಾರೆ, ನಾವು ಆಡಿದ್ದಕ್ಕೆಲ್ಲ ಅಸ್ತು ಅನ್ನುತ್ತಾರೆ ಎಂದು ಅಮ್ಮನೇ ಹೇಳಿಕೊಟ್ಟಿದ್ದಳು.

"ನಾನು ಹೋದೆ. ಅಮ್ಮ ಏನ್ಮಾಡ್ತಿದಾಳೆ, ಹೇಳೇ!"

"ಎದ್ದು ಕೂತಿದಾಳೆ. ಗಂಜಿ ಕುಡೀತಿದಾಳೆ," ಎಂದೆ.

ಒಳಗೆ ಚಿಕ್ಕಮ್ಮನ ಜಪ ನಿಂತಿತು. "ಅಸ್ತು," ಎಂದಳು, ಗಟ್ಟಿಯಾಗಿ.

ಅಮ್ಮ ಗಂಜಿ ಕುಡಿದದ್ದು ಮೂರನೆಯ ದಿನ. ಅಲ್ಲಿಯವರೆಗೆ ಮುಸ್ಸಂಜೆಯಾದರೆ ನನಗೆ ಬಾಯಿ ಬಿಡಲೂ ಭಯ.

ಮಗಳಿಗೆ ಇಷ್ಟೇ ಹೇಳಿದೆ: "ಬೈಬೇಡ್ವೇ. ಯಾರನ್ನ ಹುಡುಕ್ಕೊಂಡು ಹೊರಟಿದಾಳೋ, ಕೇಳು ಮೊದ್ಲು."