ಉಪ್ಪು ನೀರಿನ ನಡುವೆ ತೋಡಿದ ವರತೆ

ಸತ್ತವರು ಬಂದರು, ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ಕೂರಿಸಿಕೊಂಡು ಕೇಳಿದವಳಲ್ಲ. ಹೊಟ್ಟೆ ತುಂಬ ಉಂಡು ಮಲಗು, ಎಲ್ಲ ಹೋಗುತ್ತದೆ ಎಂದು ಬೈದು ಕಳಿಸಿದ್ದೇನೆ. ಸತ್ತವರನ್ನು ಮಣ್ಣು ಮಾಡಿ ಬಂದಮೇಲೆ ಮುಗಿಯಿತು ಎಂದೇ ತಿಳಿದಿದ್ದೆ. ನನ್ನ ಮಗಳನ್ನು ಮಣ್ಣು ಮಾಡಿದ ದಿನವೂ ಹಾಗೆಯೇ ತಿಳಿದಿದ್ದೆ. ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಮ್ಮೂರು ರಾಂಪುರದ ಕಡೆ. ಊರ ಪಕ್ಕ ಹಳ್ಳ ಇದೆ. ವರ್ಷದಲ್ಲಿ ಹೆಚ್ಚಿನ ದಿನ ಅದರಲ್ಲಿ ಮರಳೇ ಹೊರತು ನೀರು ಕಾಣುವುದಿಲ್ಲ. ಆದರೆ ಮರಳನ್ನು ಕೈಯಿಂದ ಬಗೆದರೆ ಮೊಣಕೈ ಆಳದಲ್ಲಿ ನೀರು ಜಿನುಗುತ್ತದೆ. ಅದಕ್ಕೆ ವರತೆ ಎನ್ನುತ್ತೇವೆ. ನಲ್ಲಿ ಬಂದ ಮೇಲೂ ಕುಡಿಯಲು ಆ ನೀರನ್ನೇ ತರುತ್ತಿದ್ದವರು ನಾವು. ವರತೆ ತೋಡಿದವರು ಕಲಕು ನೀರನ್ನು ಎತ್ತಿ ಚೆಲ್ಲಿ, ತಿಳಿಯಾಗುವ ತನಕ ಕಾಯಬೇಕು. ಆಮೇಲೆ ತೆಂಗಿನ ಚಿಪ್ಪಿನಲ್ಲಿ ಮೊಗೆದು, ಮೊದಲ ಚಿಪ್ಪು ನೀರನ್ನು ದಂಡೆಯ ಮರಳಿಗೆ ಹೊಯ್ದು, "ಗಂಗವ್ವಾ, ನೀ ಮೊದ್ಲು ಕುಡಿ" ಎನ್ನಬೇಕು. ಅದಾದ ಮೇಲೆಯೇ ನಾವು ಬಾಯಿಗೆ ಇಟ್ಟುಕೊಳ್ಳುವುದು.

ನನ್ನ ಮಗಳು ಪಾಲಮ್ಮ ಚಿಕ್ಕವಳಿದ್ದಾಗ ಆ ನೀರನ್ನು ಗಟಗಟನೆ ಸದ್ದು ಮಾಡಿ ಕುಡಿಯುತ್ತಿದ್ದಳು. ಕೊನೆಗೆ ಒಂದು ಉಸಿರು ಬಿಡುತ್ತಿದ್ದಳು. "ಎಮ್ಮೆ ಕುಡ್ದಂಗೆ ಕುಡೀತೀಯಲ್ಲೇ, ಗಂಡನ ಮನೇಲೇನು ಅಂತಾರೆ?" ಎಂದು ಬೈಯುತ್ತಿದ್ದೆ. ಗಂಡನ ಮನೆ ಎಂದರೆ ನನ್ನ ತಮ್ಮನ ಮನೆಯೇ. ತಮ್ಮನ ಮಗ ತಿಪ್ಪೇಶನಿಗೇ ಅವಳನ್ನು ಕೊಟ್ಟಿದ್ದು. ಅಲ್ಲಿ ಯಾರೂ ಏನೂ ಅನ್ನಲಿಲ್ಲ. ಆ ಸದ್ದು ಹಾಗೆಯೇ ಉಳಿಯಿತು.

ಅಂಥವಳಿಗೆ ಕಿಡ್ನಿ ಕೆಟ್ಟಿತು. ಮೈ ಊದುತ್ತದೆ, ಅಳತೆಯಲ್ಲಿ ನೀರು ಕೊಡಿ ಎಂದು ಆಸ್ಪತ್ರೆಯವರು ಹೇಳಿದರು. ದೊಡ್ಡವರಾದ ನಾವು ಕರಗಿ ಕೊಟ್ಟುಬಿಡುತ್ತೇವೆ ಎಂದು ಪಾಲಮ್ಮನೇ ಚೊಂಬನ್ನು ತನ್ನ ಮಗಳು ಕಾವ್ಯಳ ಕೈಗೆ ಕೊಟ್ಟಳು. ಕಾವ್ಯ ಆಗ ಮೂರನೇ ಕ್ಲಾಸು. "ನಾನು ಕೇಳಿದ್ರೂ ಕೊಡಬ್ಯಾಡ ಕಣೇ" ಎಂದಳು. ಹುಡುಗಿ ಹಟಮಾರಿ, ಒಪ್ಪಿಕೊಂಡ ಮಾತನ್ನು ಬಿಡುವುದಿಲ್ಲ. ಕೊನೆಯ ದಿನ ಮಧ್ಯಾಹ್ನ ಪಾಲಮ್ಮ ಒಂದು ಗುಟುಕು ಕೇಳಿದಳು. "ನೀನೇ ಹೇಳಿದ್ದೆ, ಕೊಡಲ್ಲ" ಎಂದಳು ಹುಡುಗಿ. ಪಾಲಮ್ಮ ನಕ್ಕು ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆಗೆ ಇಲ್ಲ.

ಅಂದಿನಿಂದ ಕಾವ್ಯ ನೀರು ಬಿಟ್ಟಳು. ಪೂರ್ತಿ ಅಲ್ಲ. ಅನ್ನದ ಜೊತೆ ಮಜ್ಜಿಗೆ ಕುಡಿಯುತ್ತಿದ್ದಳು. ನೀರಿನ ಲೋಟ ಕೊಟ್ಟರೆ ಬರೀ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುತ್ತಿದ್ದಳು. ತುಟಿ ಒಡೆದವು, ಉರಿಮೂತ್ರ ಬಂತು, ಒಮ್ಮೆ ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳು. ಗದರಿದೆ, ಹೊಡೆದೂ ನೋಡಿದೆ. ಒಂದನ್ನು ಕಳೆದುಕೊಂಡಾಗಿತ್ತು. ಇದನ್ನೂ ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ಹಗಲೂ ಹೋಗುತ್ತಿರಲಿಲ್ಲ.

ಸಮುದ್ರದ ನಡುವೆ ಎದ್ದಿರುವ ಒಂದು ಮರಳುದಿಬ್ಬವನ್ನು ಪಾಲಮ್ಮ ಫೋನಿನಲ್ಲಿ ನೋಡಿದ್ದಳಂತೆ. ಹುಷಾರಾದ ಮೇಲೆ ಹೋಗೋಣ ಎಂದಿದ್ದಳಂತೆ. ಬೇಸಿಗೆ ರಜೆ ಬಂದಾಗ ತಿಪ್ಪೇಶ, "ಅತ್ತೆ, ಅವಳಂತೂ ನೋಡ್ಲಿಲ್ಲ, ಮಗೂಗಾದ್ರೂ ತೋರಿಸಿ ಬರಾಣ" ಎಂದ. ಮೂವರೂ ರಾತ್ರಿ ಬಸ್ಸು ಹತ್ತಿ ಕರಾವಳಿಗೆ ಹೋದೆವು.

ಬೆಳಿಗ್ಗೆ ಒಂದು ದೋಣಿಯವನು ನಮ್ಮನ್ನು ಆ ದಿಬ್ಬಕ್ಕೆ ಮುಟ್ಟಿಸಿದ. ಒಂದು ಮರವಿಲ್ಲ, ಹುಲ್ಲಿಲ್ಲ. ನಾಲ್ಕೂ ಕಡೆ ನೀರು, ನಡುವೆ ನಮ್ಮ ಕಣದಷ್ಟು ಬಿಳಿ ಮರಳು. "ನೀರು ಏರುವುದರೊಳಗೆ ಬರ್ತೇನೆ" ಎಂದು ಅವನು ಬೇರೆ ಜನರನ್ನು ಸುತ್ತಿಸಲು ಹೋದ. ಬುತ್ತಿ ಬಿಚ್ಚಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗಂಟಲು ಒಣಗಿದಾಗ ನೋಡಿದರೆ ನೀರಿನ ಕ್ಯಾನು ದೋಣಿಯಲ್ಲೇ ಹೋಗಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಕಾವ್ಯಳ ಮುಖ ಬಾಡಿತ್ತು, ಆದರೂ ನೀರು ಎನ್ನಲಿಲ್ಲ.

ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಮರಳು ಕಂಡಿತು, ಬಾಯಾರಿತ್ತು, ಕೈ ತಾನೇ ಬಗೆಯತೊಡಗಿತು.

ತಿಪ್ಪೇಶ ಬಹಳ ದಿನದ ಮೇಲೆ ನಕ್ಕ. "ಅತ್ತೆ, ಸಮುದ್ರದಾಗೆ ವರತೆ ತೋಡ್ತೀಯಾ? ಊರಾಗೆ ಹೇಳಿದ್ರೆ ಹಲ್ಲು ಉದುರೋ ಹಂಗೆ ನಗ್ತಾರೆ."

"ನಗ್ಲಿ ಬಿಡಪ್ಪಾ. ಮರಳು ಎಲ್ಲಿದ್ರೂ ಮರಳೇ ಅಲ್ವಾ?" ಎಂದೆ.

ಅವನು ದೋಣಿಯವನಿಗೆ ಫೋನು ಸಿಗುತ್ತದೇನೋ ನೋಡಲು ದಿಬ್ಬದ ಆ ತುದಿಗೆ ಹೋದ. ಕಾವ್ಯ ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತು ತಾನೂ ಬಗೆದಳು. ನೀರು ಬಂತು. ಕಲಕನ್ನು ಎತ್ತಿ ಚೆಲ್ಲಿದೆವು. ತಿಳಿಯಾಯಿತು. ಅವಳು ಬುತ್ತಿ ಡಬ್ಬಿಯ ಮುಚ್ಚಳದಲ್ಲಿ ನೀರು ತುಂಬಿ, ದಂಡೆಯ ಮರಳಿಗೆ ಹೊಯ್ಯುತ್ತಾ ಗಂಗವ್ವನ ಹೆಸರು ಹೇಳಲಿಲ್ಲ. "ಅವ್ವಾ, ನೀ ಮೊದ್ಲು ಕುಡಿ. ಇವತ್ತು ಬ್ಯಾಡ ಅನ್ನಲ್ಲ" ಎಂದಳು.

ಆಗ ನನಗೆ ಆ ಸದ್ದು ಕೇಳಿಸಿತು. ಗಟಗಟ ಗುಟುಕುಗಳು, ಕೊನೆಗೊಂದು ಉಸಿರು. ನನ್ನ ಮೊಣಕಾಲಿನ ಪಕ್ಕದಲ್ಲೇ. ನಾನು ಅಲ್ಲಾಡಲಿಲ್ಲ. ಕಾವ್ಯ ಹೆದರಿದಂತೆಯೂ ಕಾಣಲಿಲ್ಲ. ಮತ್ತೆ ಮುಚ್ಚಳ ತುಂಬಿ, "ಇನ್ನೊಂದು ಬೇಕಂತೆ ಅಜ್ಜಿ" ಎಂದು ಅದನ್ನೂ ಅಲ್ಲೇ ಹೊಯ್ದಳು. ಆಮೇಲೆ ತಾನು ಕುಡಿದಳು. ತಲೆ ಎತ್ತಿ, ಕೊರಳ ಮೇಲೆಲ್ಲ ಚೆಲ್ಲಿಕೊಂಡು, ತುಂಬಿ ತುಂಬಿ ಕುಡಿದಳು. ಉಪ್ಪುನೀರು ಹೊಟ್ಟೆಗೆ ಹೋದರೆ ಏನು ಗತಿ ಎಂದು ಮುಚ್ಚಳ ಕಿತ್ತುಕೊಂಡು ನಾನೂ ಬಾಯಿಗೆ ಹಾಕಿದೆ. ಸಿಹಿ. ನಮ್ಮ ಹಳ್ಳದ ನೀರಿಗೆ ಸ್ವಲ್ಪ ಸುಣ್ಣದ ರುಚಿ ಇರುತ್ತದೆ. ಅದೂ ಇತ್ತು.

ತಿಪ್ಪೇಶನನ್ನು ಕೂಗಿದೆ. ಅವನು ಓಡಿ ಬಂದು ಬೊಗಸೆಯಲ್ಲಿ ಮೊಗೆದು ಬಾಯಿಗಿಟ್ಟ. "ಥೂ! ಬರೇ ಉಪ್ಪು" ಎಂದು ಉಗುಳಿದ. ನಾನು ಮತ್ತೆ ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪೇ ಇತ್ತು, ಕಹಿ ಬರುವಷ್ಟು ಉಪ್ಪು. ಕಾವ್ಯ ಡಬ್ಬಿ ಮುಚ್ಚಿ ಇಟ್ಟಳು.

ದೋಣಿಯವನು ಬಂದಾಗ ನೀರು ದಿಬ್ಬವನ್ನು ಹತ್ತುತ್ತಿತ್ತು. ನಾವು ದೋಣಿಯಲ್ಲಿ ಕೂರುವಷ್ಟರಲ್ಲಿ ವರತೆ ಮುಚ್ಚಿಹೋಯಿತು. ಈ ಮರಳಲ್ಲಿ ಸಿಹಿನೀರು ಸಿಗುತ್ತದಾ ಎಂದು ಅವನನ್ನು ಕೇಳಿದೆ. "ಎಂಥದು ಅಜ್ಜಿ, ಇದು ದಿನಾ ಮುಳುಗಿ ಏಳುವ ದಿಬ್ಬ. ಸಿಹಿನೀರು ಎಲ್ಲಿಂದ ಬರ್ಬೇಕು? ನಿಮಗೆ ಬಿಸಿಲು ಹೊಡೆದಿದೆ ಮಾರ್ರೆ" ಎಂದ. ಇರಬಹುದು. ಬಾಯಾರಿದವರ ನಾಲಿಗೆಯನ್ನು ನಂಬಬಾರದು. ಒಣ ಮರಳು ನೀರು ಹೀರುವಾಗಲೂ ಸದ್ದು ಮಾಡುತ್ತದೆ. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅಷ್ಟು ಉಪ್ಪುನೀರು ಕುಡಿದ ಹುಡುಗಿಗೆ ಒಂದು ವಾಂತಿಯೂ ಆಗಲಿಲ್ಲವಲ್ಲ. ಆ ರಾತ್ರಿ ಬಸ್ಸಿನಲ್ಲಿ ಬಾಟಲಿ ಕೇಳಿ ಕುಡಿದು ಮಲಗಿದಳು. ಅಂದಿನಿಂದ ಎಲ್ಲ ಮಕ್ಕಳಂತೆ ನೀರು ಕುಡಿಯುತ್ತಾಳೆ. ಹುಡುಗಿ ಉಳಿದಳು, ಅಷ್ಟು ಸಾಕು ಎಂದುಕೊಂಡು ನಾನು ಸುಮ್ಮನಿರಬೇಕಿತ್ತು.

ಸುಮ್ಮನಿರಲಿಲ್ಲ. ಮೊನ್ನೆ ತಲೆ ಬಾಚುವಾಗ ಕೇಳಿದೆ, "ಅವತ್ತು ಇನ್ನೊಂದು ಬೇಕು ಅಂತ ಯಾರು ಅಂದಿದ್ದು?"

ಅವಳು ತಿರುಗಿ, ದಡ್ಡಿಯನ್ನು ನೋಡಿದಂತೆ ನನ್ನನ್ನು ನೋಡಿದಳು. "ಅವ್ವ ಅಷ್ಟೊತ್ತು ಮಾತಾಡಿದ್ಲು. ನಿಂಗೆ ಕೇಳಿಸ್ಲಿಲ್ವಾ ಅಜ್ಜಿ?"

ಇಲ್ಲ. ಹೆತ್ತವಳಾದ ನನಗೆ ಗುಟುಕಿನ ಸದ್ದೊಂದೇ ಕೇಳಿಸಿದ್ದು.

ಈಗಲೂ ಹಳ್ಳಕ್ಕೆ ಹೋಗುತ್ತೇನೆ. ಯಾರೂ ಇಲ್ಲದ ಹೊತ್ತು ನೋಡಿ ವರತೆ ತೋಡುತ್ತೇನೆ. ಮೊದಲ ಚಿಪ್ಪು ದಂಡೆಗೆ ಹೊಯ್ದು ಕಿವಿಗೊಟ್ಟು ಕೂರುತ್ತೇನೆ. ಮರಳು ನೀರು ಕುಡಿಯುತ್ತದೆ. ಇನ್ನೊಂದು ಬೇಕೆಂದು ಯಾರೂ ಕೇಳುವುದಿಲ್ಲ. ಆದರೂ ಇನ್ನೊಂದು ಹೊಯ್ದು ಬರುತ್ತೇನೆ.